ಒಂದು ದಿನದ ದೇಣಿಗೆ

ಅಮೆರಿಕದ ಅನೇಕ ವಸತಿ ಶಾಲೆಗಳು ವರ್ಷಕ್ಕೊಂದು ದಿನವನ್ನು 'ಗಿವಿಂಗ್ ಡೇ' ಎಂದು ಗೊತ್ತುಮಾಡಿ ಹಳೆಯ ವಿದ್ಯಾರ್ಥಿಗಳಿಂದಲೂ ಪೋಷಕರಿಂದಲೂ ದೇಣಿಗೆ ಎತ್ತುತ್ತವೆ. ಶುಲ್ಕ ಎಷ್ಟೇ ದುಬಾರಿಯಾದರೂ ಸಾಮಾನ್ಯವಾಗಿ ಒಬ್ಬ ವಿದ್ಯಾರ್ಥಿಯ ಪೂರ್ತಿ ಖರ್ಚು ಅದರಿಂದ ಹುಟ್ಟುವುದಿಲ್ಲ. ಕೊರತೆಯನ್ನು ದತ್ತಿನಿಧಿಯ ಆದಾಯವೂ ವಾರ್ಷಿಕ ದೇಣಿಗೆಯೂ ತುಂಬಬೇಕು.

ದೊಡ್ಡ ಕೈಯ ದಾನ ಅಲ್ಲಿ ಹೊಸದಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1781ರಲ್ಲಿ ಸ್ಥಾಪನೆಯಾದ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಗೆ 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಕೊಟ್ಟದ್ದು 58 ಲಕ್ಷ ಡಾಲರ್. ಹನ್ನೆರಡು ಮಕ್ಕಳು ಮೇಷ್ಟ್ರ ಜೊತೆ ಒಂದೇ ಅಂಡಾಕಾರದ ಮೇಜಿನ ಸುತ್ತ ಕೂತು ಪಾಠ ಚರ್ಚಿಸುವ ಪದ್ಧತಿ ಬೆಳೆದದ್ದು ಆ ಹಣದಿಂದಲೇ.

ಗಿವಿಂಗ್ ಡೇಯ ಲೆಕ್ಕವೇ ಬೇರೆ. ಅಂದು ಮೊತ್ತದಷ್ಟೇ ಬೆಲೆ ತಲೆಎಣಿಕೆಗೂ ಉಂಟು. ಇಷ್ಟು ಜನ ಕೊಟ್ಟರೆ ಇಷ್ಟು ಹಣ ಸೇರಿಸುತ್ತೇನೆಂದು ಸಿರಿವಂತರೊಬ್ಬರು ಮೊದಲೇ ಮಾತು ಕೊಟ್ಟಿರುತ್ತಾರೆ. ಹಾಗಾಗಿ ಹತ್ತು ಡಾಲರಿಗೂ ತೂಕ ಬರುತ್ತದೆ. (ಗುರಿ ಮುಟ್ಟದಿದ್ದರೆ ಆ ಹಣ ನಿಜಕ್ಕೂ ಕೈತಪ್ಪುತ್ತದೆಯೇ ಎಂಬುದು ಬೇರೆ ಮಾತು.) ಯಾವ ಬ್ಯಾಚಿನಿಂದ ಎಷ್ಟು ಜನ ಕೊಟ್ಟರು ಎಂಬ ಪಟ್ಟಿ ಆನ್‌ಲೈನ್‌ನಲ್ಲಿ ಆಗಾಗ ಬದಲಾಗುತ್ತಿರುತ್ತದೆ. ಹಿಂದುಳಿದ ಬ್ಯಾಚಿನ ಸ್ವಯಂಸೇವಕರು ಸಹಪಾಠಿಗಳಿಗೆ ಸಂದೇಶದ ಮೇಲೆ ಸಂದೇಶ ಕಳಿಸುತ್ತಾರೆ. ದಾನದ ದಿನ ಅನ್ನುವುದಕ್ಕಿಂತ ಇದನ್ನು ಬ್ಯಾಚುಗಳ ಪಂದ್ಯ ಅನ್ನುವುದೇ ಸರಿ.

ಪೋಷಕರ ಪಾಡು ಕೊಂಚ ಇಕ್ಕಟ್ಟಿನದು: ಮಗು ಇನ್ನೂ ಅಲ್ಲೇ ಓದುತ್ತಿರುವಾಗ 'ಸ್ವಇಚ್ಛೆ' ಎಂಬ ಮಾತು ಅಷ್ಟು ಹಗುರವಲ್ಲ. ಕಾನೂನು ಮಾತ್ರ ಸ್ಪಷ್ಟ. ಸ್ವಇಚ್ಛೆಯ ದೇಣಿಗೆಗೆ ಆದಾಯ ತೆರಿಗೆಯಲ್ಲಿ ಕಡಿತ ಪಡೆಯಬಹುದು, ಶುಲ್ಕವನ್ನು ದೇಣಿಗೆಯೆಂದು ತೋರಿಸುವಂತಿಲ್ಲ. ಬಂದ ಹಣದಲ್ಲಿ ಹೆಚ್ಚಿನದು ವಿದ್ಯಾರ್ಥಿವೇತನ, ಶಿಕ್ಷಕರ ಸಂಬಳ, ಕಟ್ಟಡಗಳ ದುರಸ್ತಿಯಂಥ ಆ ವರ್ಷದ ಖರ್ಚಿಗೇ ಹೋಗುತ್ತದೆ.