ವಠಾರದ ಪಾಲು

ಭೂಮಿಯನ್ನು ಅಳೆಯುವುದಕ್ಕೆ ಟೇಪು ಉಂಟು, ಸರಪಳಿ ಉಂಟು. ಒಂದೇ ಹೆಬ್ಬಾಗಿಲಿನೊಳಗೆ ಬಾಳಿದವರ ಬಳಕೆಯನ್ನು ಅಳೆಯುವ ಸಾಧನ ಯಾವ ಮೋಜಣಿದಾರನ ಚೀಲದಲ್ಲಿಯೂ ಇಲ್ಲ. ವಠಾರವು ಪಾಲಿಗೆ ಬಂದ ದಿನ ಈ ಕೊರತೆ ಬಯಲಾಗುತ್ತದೆ.

1898ರ ಪ್ಲೇಗಿನ ತರುವಾಯ ಬೆಂಗಳೂರಿನ ಜನ ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಹರಡಿಕೊಂಡರು. ಅಲ್ಲಿನ ಅಗಲವಾದ ನಿವೇಶನಗಳಲ್ಲಿ ಮುಂದೆ ತಮಗೊಂದು ಮನೆ, ನಡುವೆ ಹಾಗೂ ಹಿತ್ತಲಲ್ಲಿ ಬಾಡಿಗೆಗೊಂದೊಂದು ಮನೆ ಎಂದು ಕಟ್ಟಿಸಿದವರು ಹಲವರು. ಒಂದು ಬಾವಿ, ಒಂದು ಓಣಿ, ಒಂದು ಚರಂಡಿ ಎಲ್ಲರಿಗೂ ಸಾಕಾಯಿತು. ಯಜಮಾನನೂ ಒಬ್ಬನೇ ಅಲ್ಲವೆ?

ತಂದೆತಾಯಿಗಳಿಬ್ಬರೂ ಗತಿಸಿದ ಮೇಲೆ ಅಂಥದೊಂದು ಸ್ಥಳವನ್ನು ಇಬ್ಬರು ಗಂಡುಮಕ್ಕಳೂ ಒಬ್ಬ ಮಗಳೂ ಹಂಚಿಕೊಳ್ಳಬೇಕಾಗಿದೆ ಎಂದುಕೊಳ್ಳೋಣ. ಉಯಿಲಿಲ್ಲದ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಸಮಪಾಲನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಕೊಟ್ಟಿದೆ. ಪಿತ್ರಾರ್ಜಿತದಲ್ಲಿಯೂ ಆಕೆ ಸಮಾನಳೆಂದು 2005ರ ತಿದ್ದುಪಡಿ ಸಾರಿತು. ನಿವೇಶನ 60 ಅಡಿ ಅಗಲ, 90 ಅಡಿ ಉದ್ದ. ತಲೆಗೆ 1,800 ಚದರಡಿ. ಲೆಕ್ಕ ಸುಲಭ, ಗೆರೆ ಕಠಿಣ. ಉದ್ದಕ್ಕೆ ಸೀಳಿದರೆ ಮೂವರಿಗೂ ಬೀದಿ ಸಿಗುತ್ತದೆ, ಆದರೆ ಗೆರೆಯು ಮೂರು ಮನೆಗಳ ನಡುಮನೆಯಲ್ಲಿಯೂ ಹಾಯುತ್ತದೆ. ಅಡ್ಡಕ್ಕೆ ಸೀಳಿದರೆ ಮನೆಗಳು ಉಳಿಯುತ್ತವೆ, ಹಿಂದಿನ ಇಬ್ಬರಿಗೆ ಬೀದಿ ತಪ್ಪುತ್ತದೆ. 6 ಅಡಿಯ ಓಣಿಯನ್ನು 60 ಅಡಿ ಒಳಕ್ಕೆ ಬಿಟ್ಟರೆ 360 ಚದರಡಿ ಹೋಯಿತು; ಮೂವರೂ ಹೊತ್ತರೆ ತಲಾ 120. ಜಗಳ ಹುಟ್ಟುವುದು ಈ 120ರಲ್ಲಿ.

ಹಿತ್ತಲ ಮನೆ ಸಾಮಾನ್ಯವಾಗಿ ತಂಗಿಯ ಪಾಲಿಗೆ ಬರುತ್ತದೆ. “ದಾರಿಗೇನಮ್ಮ, ನಾವೇ ಇದ್ದೇವಲ್ಲ” ಎನ್ನುತ್ತಾನೆ ಅಣ್ಣ. ಅವನ ಮಾತಿನಲ್ಲಿ ಕಪಟವಿಲ್ಲ. ಆದರೆ ಹತ್ತು ವರ್ಷಗಳಾಚೆ ಅವನ ಮಗ ಮುಂದಿನ ಪಾಲನ್ನು ಮಾರಿದರೆ, ಕೊಂಡವನು ಪತ್ರವನ್ನು ಓದುತ್ತಾನೆ, ಮಾತನ್ನು ಓದಲಾರ.

ಕಾನೂನು ಆಕೆಯನ್ನು ಪೂರ್ತಿ ಕೈಬಿಟ್ಟಿಲ್ಲ. ಒಬ್ಬನ ಪಾಲನ್ನು ಅನುಭವಿಸಲು ಇನ್ನೊಬ್ಬನ ಪಾಲಿನ ಮೇಲೆ ದಾರಿ ಅನಿವಾರ್ಯವಾದರೆ ಆ ಹಕ್ಕು ವಿಭಾಗದೊಡನೆಯೇ ಬರುತ್ತದೆಂದು 1882ರ ಈಸ್‌ಮೆಂಟ್ ಕಾಯಿದೆಯ 13ನೆಯ ಕಲಮು ಹೇಳುತ್ತದೆ. ಆದರೆ ಅದು ನೋಡುವುದು ಅಗತ್ಯವನ್ನು, ಅನುಕೂಲವನ್ನಲ್ಲ. ಅಗತ್ಯ ತೀರಿದರೆ ಹಕ್ಕೂ ತೀರುತ್ತದೆ. ಅದನ್ನು ಸಾಧಿಸಲು ನ್ಯಾಯಾಲಯದ ಮೆಟ್ಟಿಲೇರುವ ಹೊತ್ತಿಗೆ ತವರಿನ ಮೆಟ್ಟಿಲು ದೂರವಾಗಿರುತ್ತದೆ.

ನಡುಮನೆಯ ಬಾಡಿಗೆದಾರನನ್ನು ಈ ಪಂಚಾಯಿತಿಗೆ ಯಾರೂ ಕರೆಯುವುದಿಲ್ಲ. ಪಾಲಾದ ಮಾತ್ರಕ್ಕೆ ಅವನ ಕರಾರು ಮುರಿಯುವುದಿಲ್ಲವೆಂಬುದೇನೋ ನಿಜ. ಆದರೂ ಬಾಡಿಗೆ ಯಾರಿಗೆ, ಮುಂಗಡದ ಹಣ ಹಿಂತಿರುಗಿಸಬೇಕಾದವರು ಯಾರು, ಬಾವಿಗೆ ಹೋಗುವ ಹಕ್ಕು ಉಳಿಯಿತೆ ಎಂದು ತಿಳಿಯದೆ ಆ ಸಂಸಾರ ಕಂಗೆಡುತ್ತದೆ.

ಓಣಿಯ ಅಗಲ, ಚರಂಡಿಯ ಜಾಡು, ಬಾವಿಯ ನೀರು, ಅವುಗಳ ದುರಸ್ತಿಯ ವೆಚ್ಚ, ಮುಂಗಡದ ಹೊಣೆ, ಇಷ್ಟನ್ನೂ ನಕ್ಷೆಸಹಿತ ವಿಭಾಗಪತ್ರದಲ್ಲಿ ಬರೆಸಿ ನೋಂದಾಯಿಸಿ, ಬಳಿಕ ಖಾತೆಗಳನ್ನು ಬೇರ್ಪಡಿಸಿಕೊಳ್ಳುವವರು ಜಾಣರು. ಒಡಹುಟ್ಟಿದವರ ನಡುವೆ ಬರವಣಿಗೆ ಏಕೆಂದು ಹಿರಿಯರು ನೊಂದುಕೊಳ್ಳಬಹುದು. ನಂಬಿಕೆಯಿದ್ದಾಗಲೇ ಬರೆದುಕೊಡುವುದು ಸುಲಭ. ಅದು ಹೋದ ಮೇಲೆ ಒಂದು ಅಡಿ ಓಣಿಯನ್ನೂ ಯಾರೂ ಬರೆದುಕೊಡರು.