ಕಾರೇ ಮನೆ, ಸೀಟೇ ಮಂಚ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮಗೆಲ್ಲ ಗೊತ್ತು. ಈ ಅಮೆರಿಕದಲ್ಲಿ ಕಾರಿನೊಳಗೇ ಮನೆ ಕಟ್ಟಿ ನೋಡುವವರೂ ಇದ್ದಾರೆ. ಆ ಗುಂಪಿಗೆ ಈಗ ನಮ್ಮ ಮಗಳೂ ಸೇರಿದ್ದಾಳೆ.

ಕಾಲೇಜು ಮುಗಿದು, ಕೆಲಸಕ್ಕೆ ಸೇರಲು ಇನ್ನೂ ಎರಡು ತಿಂಗಳಿತ್ತು. "ಅಪ್ಪ, ನಿನ್ನ ಹಳೇ ಪ್ರಿಯಸ್ ನನಗೆ ಕೊಡು. ಅದರಲ್ಲೇ ಮಲಗಿಕೊಂಡು ಯೂಟಾ, ಅರಿಜೋನಾ ಎಲ್ಲ ನೋಡಿಕೊಂಡು ಬರ್ತೀನಿ" ಅಂದಳು. "ಇದಕ್ಕೇನಾ ರೀ ಇಷ್ಟು ಓದಿಸಿದ್ದು, ಕಾರಿನಲ್ಲಿ ಮಲಗೋಕೆ?" ಎಂದು ನನ್ನ ಹೆಂಡತಿ ನನ್ನ ಮೇಲೇ ತಿರುಗಿಬಿದ್ದಳು. ಊರಿನಿಂದ ಫೋನಿನಲ್ಲಿ ನಮ್ಮಮ್ಮ, "ಯಾಕೋ, ಮಗೂಗೆ ಹೋಟೆಲಿಗೆ ದುಡ್ಡು ಕೊಡಲ್ವೇನೋ?" ಎಂದು ಕೇಳಿದರು.

ಇದೇನೂ ಹೊಸ ಹುಚ್ಚಲ್ಲ. ಫೋರ್ಡ್ ಮಾಡೆಲ್ ಟಿ ಕಾರು ಬಂದ ಮೇಲೆ ಜನ ಅದಕ್ಕೆ ಡೇರೆ ಕಟ್ಟಿ, ಹಲಗೆ ಜೋಡಿಸಿ ಊರೂರು ಸುತ್ತುತ್ತಿದ್ದರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂಥವರೆಲ್ಲ ಸೇರಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘವನ್ನೇ ಕಟ್ಟಿದರು. ರೇಡಿಯೇಟರಿನ ಮುಚ್ಚಳಕ್ಕೆ ಬೆಸೆದ ತಗಡಿನ ಡಬ್ಬಿಯೇ ಅವರ ಗುರುತು. 1936ರಲ್ಲಿ ನ್ಯಾಶ್ ಕಂಪನಿ ಸೀಟನ್ನೇ ಹಾಸಿಗೆಯಾಗಿಸುವ ಕಾರು ಮಾರಿತು. 1970ರ ದಶಕದಲ್ಲಿ ಬೀಟಲ್ ಕಾರಿನ ಹಿಂಭಾಗ ಕತ್ತರಿಸಿ, ಅದರ ಮೇಲೆ ಗೂಡಿನಂಥ ಮನೆ ಕೂರಿಸಿದವರೂ ಇದ್ದರು. ನೋಡಿದರೆ ಬಸವನಹುಳುವಿನ ನೆನಪಾಗುತ್ತದೆ!

ಅಷ್ಟೇಕೆ, ನಮ್ಮ ತಾತ ಜಾತ್ರೆಗೆ ಹೊರಟರೆ ಕಮಾನು ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕುತ್ತಿದ್ದರು. ರಾತ್ರಿ ಮನೆಮಂದಿಯೆಲ್ಲ ಅದರಲ್ಲೇ ನಿದ್ದೆ, ಪಕ್ಕದಲ್ಲೇ ಮೂರು ಕಲ್ಲಿಟ್ಟು ಅಡಿಗೆ. ಇದನ್ನು ನೆನಪಿಸಿದ ಮೇಲೆ ಅಮ್ಮ ಸುಮ್ಮನಾದರು.

ನನಗಿದ್ದ ಚಿಂತೆ ಬೇರೆ. ವೈದ್ಯನಾದವನಿಗೆ ಮಗಳ ಕಾರಿನಲ್ಲಿ ಮೊದಲು ಕಾಣುವುದು ಕಾಲು ಮತ್ತು ಉಸಿರು.

ಮೊದಲು ಕಾಲು. 2004ರಲ್ಲಿ ಜಪಾನಿನ ನೀಗಾತಾ ಪ್ರಾಂತದಲ್ಲಿ ಭೂಕಂಪವಾದಾಗ ಬಹಳ ಜನ ಹೆದರಿ ಕಾರಿನಲ್ಲೇ ರಾತ್ರಿಗಳನ್ನು ಕಳೆದರು. ಸೀಟಿನಲ್ಲಿ ಕಾಲು ಮಡಚಿ ಕೂತೇ ಮಲಗಿದವರಲ್ಲಿ ಕೆಲವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಪ್ರಾಣವೇ ಹೋಯಿತು. ಹಾಗಾಗಿ ಕಾರಿನ ಮನೆಗೆ ಸ್ಟವ್, ಪರದೆ, ದೀಪ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕಾಲು ಚಾಚುವ ಸಮತಟ್ಟಾದ ಹಾಸಿಗೆ. ನಾವಿಬ್ಬರೂ ಗರಾಜಿನಲ್ಲಿ ಎರಡು ಶನಿವಾರ ಕೂತೆವು. ಹಿಂದಿನ ಸೀಟು ಮಡಚಿ, ಮುಂದಿನ ಒಂದು ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ, ನಡುವಿನ ಹಳ್ಳಕ್ಕೆ ಪ್ಲೈವುಡ್ ಪೆಟ್ಟಿಗೆ ಕೂರಿಸಿದೆವು. ಪೆಟ್ಟಿಗೆಯೊಳಗೆ ಅವಳಮ್ಮ ಕೊಟ್ಟ ಚಟ್ನಿಪುಡಿ, ಅವಲಕ್ಕಿ. ಮೇಲೆ ಫೋಮ್ ಹಾಸಿಗೆ.

ಆಮೇಲೆ ಉಸಿರು. ಹಿಮದಲ್ಲಿ ಕಾರಿನ ಹೊಗೆಕೊಳವೆ ಮುಚ್ಚಿಹೋಗಿದ್ದು ತಿಳಿಯದೆ, ಬೆಚ್ಚಗಿರಲೆಂದು ಎಂಜಿನ್ ಓಡಿಸಿ ಒಳಗೆ ಕುಳಿತವರನ್ನು ಎಮರ್ಜೆನ್ಸಿಗೆ ತಂದಾಗ ನೋಡಿದ್ದೇನೆ. ಎಲ್ಲರೂ ಬದುಕಲಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಂತಿ ಬಂದರೆ ಫ್ಲೂ ಅಂದುಕೊಳ್ಳುತ್ತಾರೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಎಲ್ಲ ಸರಿಯಿದೆ ಎಂದೇ ತೋರಿಸಬಹುದು. ಪ್ರಿಯಸ್‌ನಂಥ ಹೈಬ್ರಿಡ್ ಕಾರನ್ನು ಆನ್ ಮಾಡಿಟ್ಟು ಮಲಗಿದರೆ ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿಯೇ ಶುರುವಾಗುತ್ತದೆ. ಅದರ ಸದ್ದೇ ಕೇಳದಿರಬಹುದು.

ಆದ್ದರಿಂದ ಮಗಳಿಗೆ ನನ್ನ ಉಡುಗೊರೆ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ, ಜೊತೆಗೊಂದು ದಪ್ಪನೆಯ ಸ್ಲೀಪಿಂಗ್ ಬ್ಯಾಗ್. ರಾತ್ರಿ ಕಾರು ಪೂರ್ತಿ ಆಫ್. ಒಲೆ, ಇದ್ದಿಲು, ಗ್ಯಾಸ್ ಹೀಟರ್ ಏನಿದ್ದರೂ ಹೊರಗೆ. ಕಿಟಕಿ ಒಂದಂಗುಲ ಇಳಿಸಿದರೆ ಗಾಜಿನ ಮೇಲಿನ ಮಂಜು ಕಡಿಮೆಯಾಗುತ್ತದೆ, ಆದರೆ ವಿಷಾನಿಲಕ್ಕೆ ಅದು ಸಾಲದು.

ಈಗ ಅವಳು ಯೂಟಾದ ಕೆಂಪು ಬಂಡೆಗಳ ನಡುವೆ ಎಲ್ಲೋ ಇದ್ದಾಳೆ. ಸಿಗ್ನಲ್ ಸಿಕ್ಕಾಗ ಫೋನ್ ಮಾಡುತ್ತಾಳೆ. "ಊಟ ಆಯ್ತಾ?" ಅನ್ನುವುದು ಅವಳಮ್ಮನ ಮೊದಲ ಪ್ರಶ್ನೆ, "ಅಲಾರಂ ಆನ್ ಇದೆಯಾ?" ಅನ್ನುವುದು ನನ್ನದು.

ನಿಮ್ಮ ಮಕ್ಕಳೂ ಇಂಥ ಆಸೆ ಹೇಳಿದರೆ ಬಂಧುಗಳೇ, ಥಟ್ಟನೆ ಬೇಡ ಅನ್ನಬೇಡಿ. ಬೇಡ ಅಂದರೂ ಹೋಗುವ ವಯಸ್ಸು ಅವರದು. ಅಳತೆ ಟೇಪು ಹಿಡಿದು ಅವರ ಜೊತೆ ಗರಾಜಿಗೆ ಹೋಗಿ. ಹಲಗೆ ಕೊಯ್ಯುತ್ತಾ ಹೇಳಿದ ಬುದ್ಧಿಮಾತನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಸೋಫಾದಲ್ಲಿ ಕೂತು ಹೇಳಿದ್ದನ್ನಲ್ಲ!