ಅಮ್ಮನ ಬೆರಳಿಗೆ ಒಂದು ಹೋಮ್ ಸ್ಕ್ರೀನ್

ನನ್ನ ಫೋನ್‌ನ ಹೋಮ್ ಸ್ಕ್ರೀನ್ ಮೇಲೆ ಒಂದೂ ಐಕಾನ್ ಇಲ್ಲ. ನೋವಾ ಲಾಂಚರ್ ಹಾಕಿ ಎಲ್ಲವನ್ನೂ ಜೆಸ್ಚರ್‌ಗೆ ಕಟ್ಟಿದ್ದೀನಿ. ಕೆಳಗೆ ಎಳೆದ್ರೆ ನೋಟಿಫಿಕೇಶನ್, ಎರಡು ಬೆರಳಲ್ಲಿ ಮೇಲೆ ಎಳೆದ್ರೆ ಕ್ಯಾಮೆರಾ, ಡಬಲ್ ಟ್ಯಾಪ್ ಮಾಡಿದ್ರೆ ಲಾಕ್. ಹಾಸ್ಟೆಲ್‌ನಲ್ಲಿ ಯಾರಾದ್ರೂ ನನ್ನ ಫೋನ್ ಇಸ್ಕೊಂಡ್ರೆ ಒಂದು ಕಾಲ್ ಮಾಡೋಕೂ ಆಗದೆ ವಾಪಸ್ ಕೊಡ್ತಾರೆ. ಅದೊಂಥರಾ ಹೆಮ್ಮೆಯೇ.

ಅಮ್ಮನ ಫೋನ್ ಕಥೆ ಬೇರೆ. ನಮ್ಮದು ಮಲೆನಾಡು. ಅಡಿಕೆ ಕೊಯ್ಲು ಶುರುವಾದ್ರೆ ಅಮ್ಮ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿ ಮುಂದೆ ಕೂತು ಸುಲೀತಾಳೆ. ಚೊಗರು ಹತ್ತಿ ಬೆರಳ ತುದಿ ಕಪ್ಪಾಗಿ, ಒರಟಾಗಿ, ಅಲ್ಲಲ್ಲಿ ಬಿರುಕು ಬಿಟ್ಟಿರುತ್ತೆ. ಕಳೆದ ವರ್ಷ ಅವಳಿಗೆ ಕೀಪ್ಯಾಡ್ ಫೋನ್ ಹೋಗಿ ಟಚ್ ಸ್ಕ್ರೀನ್ ಬಂತು. ಆಮೇಲೆ ಅವಳಾಗಿ ನನಗೆ ಕಾಲ್ ಮಾಡೋದೇ ನಿಂತುಹೋಯ್ತು. ಕೇಳಿದ್ರೆ "ನೀನು ಓದ್ತಾ ಇರ್ತೀಯಲ್ಲ" ಅಂತಿದ್ಳು.

ದೀಪಾವಳಿ ರಜೆಯಲ್ಲಿ ಪಕ್ಕದಲ್ಲೇ ಕೂತು ನೋಡಿದೆ. ಚಿಕ್ಕಮ್ಮನಿಗೆ ಫೋನ್ ಮಾಡಬೇಕಿತ್ತು. ಮೂರು ಸಲ ಮುಟ್ಟಿದ್ರೂ ಏನೂ ಆಗಲಿಲ್ಲ. ನಾಲ್ಕನೇ ಸಲ ಒತ್ತಿ ಹಿಡಿದಳು, ಐಕಾನ್ ಕಿತ್ತುಕೊಂಡು ಬಂತು. ಅದನ್ನ ಬಿಡಿಸೋಕೆ ಹೋಗಿ ಇನ್ನೇನೋ ತೆರೀತು. ಒಂದು ಮಾತೂ ಆಡದೆ ಫೋನ್ ಪಕ್ಕಕ್ಕಿಟ್ಟು ಮತ್ತೆ ಅಡಿಕೆ ತಗೊಂಡ್ಳು.

ಕಾರಣ ನಾವೆಲ್ಲ ಓದಿರೋ ಫಾರ್ಮುಲಾದಲ್ಲೇ ಇದೆ. ಬೆರಳು ಮತ್ತು ಗಾಜಿನ ಕೆಳಗಿನ ಎಲೆಕ್ಟ್ರೋಡ್ ಸೇರಿದ್ರೆ ಒಂದು ಕೆಪಾಸಿಟರ್. ಸಿ ಈಕ್ವಲ್ಸ್ ಎಪ್ಸಿಲಾನ್ ಎ ಬೈ ಡಿ. ಚರ್ಮ ಗಟ್ಟಿಯಾಗಿ ದಪ್ಪ ಆದಷ್ಟೂ ಡಿ ಜಾಸ್ತಿ, ಸಿ ಕಡಿಮೆ. ಜೊತೆಗೆ ತೇವವೂ ಇಲ್ಲ. ಟ್ಯಾಪ್ ಹೇಗೋ ಬೀಳುತ್ತೆ. ಸ್ವೈಪ್‌ಗೆ ಮಾತ್ರ ಬೆರಳು ಉದ್ದಕ್ಕೂ ಸಿಗ್ನಲ್ ಕೊಡ್ತಾನೇ ಇರಬೇಕು, ಮಧ್ಯ ಕಡಿದ್ರೆ ಮುಗೀತು. 2019ರಲ್ಲಿ ಆಂಡ್ರಾಯ್ಡ್ 10 ಜೊತೆ ಅಂಚಿನಿಂದ ಎಳೆದು ಹಿಂದೆ ಹೋಗೋ ಜೆಸ್ಚರ್ ಬಂತಲ್ಲ, ಅದನ್ನ ಟೆಸ್ಟ್ ಮಾಡಿದವರಲ್ಲಿ ಅಡಿಕೆ ಸುಲಿಯೋರು ಯಾರೂ ಇರಲಿಲ್ಲ ಅನ್ನೋದು ನನ್ನ ಅನುಮಾನ.

ಅವತ್ತು ರಾತ್ರಿ ಸೆಟ್ಟಿಂಗ್ಸ್ ಒಳಗೆ ಇಳಿದೆ. ನ್ಯಾವಿಗೇಶನ್‌ನ ಹಳೇ ಮೂರು ಬಟನ್‌ಗೆ ತಂದೆ. ಆಕ್ಸೆಸಿಬಿಲಿಟಿಯಲ್ಲಿ ಟಚ್ ಅಂಡ್ ಹೋಲ್ಡ್ ಡಿಲೇ ಅಂತ ಒಂದಿದೆ, ಯಾರೂ ಮುಟ್ಟಿರಲ್ಲ. ಅದನ್ನ ಲಾಂಗ್ ಮಾಡಿದೆ. ಟಚ್ ಸೆನ್ಸಿಟಿವಿಟಿ ಹೆಚ್ಚಿಸೋ ಆಪ್ಷನ್ ಕೆಲವು ಫೋನ್‌ಗಳಲ್ಲಿ ಇರುತ್ತೆ, ಪುಣ್ಯಕ್ಕೆ ಇದರಲ್ಲೂ ಇತ್ತು. ಅವಳಿಗೂ ನೋವಾ ಹಾಕಿ ಎಲ್ಲ ಜೆಸ್ಚರ್ ತೆಗೆದೆ. ಒಂದೇ ಪೇಜ್, ದೊಡ್ಡ ಐಕಾನ್‌ಗಳು, ಡೈರೆಕ್ಟ್ ಡಯಲ್ ಶಾರ್ಟ್‌ಕಟ್‌ಗಳು: ಮುಖ ಮುಟ್ಟಿದ್ರೆ ಸೀದಾ ರಿಂಗ್. ಕೊನೆಗೆ ಡೆಸ್ಕ್‌ಟಾಪ್ ಲಾಕ್, ಇನ್ನು ಯಾವ ಐಕಾನೂ ಅಲುಗಾಡಲ್ಲ.

ಹೆಸರುಗಳನ್ನ ಅಮ್ಮನೇ ಹೇಳಿದ್ಳು. 'ಕೊನೆಗೌಡ', 'ಗ್ಯಾಸ್‌ನವನು', 'ಮಗ ಹಾಸ್ಟೆಲ್'. ಅವಳು ಹೇಳ್ತಾ ಹೋದಳು, ನಾನು ಕನ್ನಡ ಕೀಬೋರ್ಡ್‌ನಲ್ಲಿ ಒತ್ತಕ್ಷರ ಹುಡುಕ್ತಾ ಕೂತೆ. ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂ, ಸ್ವಾಮಿ.

ಈಗ ಕಾಲ್ ಬರುತ್ತೆ. ಸರಿಯಾಗಿ ಮ್ಯಾಥ್ಸ್ ಕ್ಲಾಸ್ ಮಧ್ಯ, ಬೆಳಿಗ್ಗೆ ಹತ್ತಕ್ಕೆ. ಕೆಲಸದ ವಿಷಯ ಏನೂ ಇರಲ್ಲ, ನಾಯಿ ಮರಿ ಹಾಕಿದ್ದು, ಮೋಡ ಆಗಿ ಅಡಿಕೆ ಒಣಗದೇ ಇರೋದು. ಹೋದ ವಾರ ಒಂದು ಫೀಚರ್ ರಿಕ್ವೆಸ್ಟೂ ಬಂತು: ಕೆಳಗಡೆ ಬಲಮೂಲೆ ಹೆಬ್ಬೆರಳಿಗೆ ಸಲೀಸಾಗಿ ಸಿಗುತ್ತಂತೆ, ಅಲ್ಲಿರೋ ನನ್ನ ಫೋಟೋ ಮೇಲಕ್ಕೆ ಹಾಕಿ ಚಿಕ್ಕಮ್ಮನ್ನ ಅಲ್ಲಿಗೆ ತರಬೇಕಂತೆ.